ಎಂಎನ್‌ಡಿ ಇರುವ ಅಪ್ಪನಿಗೆ ಬೈಪ್ಯಾಪ್ (ಮಾಸ್ಕ್ ಹಾಕಿ ಉಸಿರಿಗೆ ನೆರವಾಗುವ ಮೆಷಿನ್) ಬದಲು ಆಕ್ಸಿಜನ್ ಸಿಲಿಂಡರ್ ಸಾಲದೇ? ಈ ಕಾಯಿಲೆಯಲ್ಲಿ ನೋವು ಇರುತ್ತದಾ?

ಸಿಲಿಂಡರ್ ಸಾಲದು. ಡಾಕ್ಟರು ಹೇಳದೆ ಹಾಕಲೂ ಬೇಡಿ. ನಾನು ಡಾಕ್ಟರಲ್ಲ, ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ ಅತ್ತೆಯನ್ನು ಇದೇ ಎಂಎನ್‌ಡಿಯಲ್ಲಿ, ಅಂದರೆ ಸ್ನಾಯುಗಳನ್ನು ಆಡಿಸುವ ನರಗಳು ಸೋಲುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ, ನೋಡಿಕೊಂಡವಳು.

ನಿಮ್ಮ ಅಪ್ಪನಿಗೆ ತೊಂದರೆ ಇರುವುದು ಶ್ವಾಸಕೋಶದಲ್ಲಲ್ಲ, ಅದನ್ನು ಹಿಗ್ಗಿಸುವ ಸ್ನಾಯುಗಳಲ್ಲಿ. ಅವು ಸೋತರೆ ಒಳಗಿನ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ. ಬರೀ ಆಕ್ಸಿಜನ್ ಕೊಟ್ಟರೆ ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ನಂಬರ್ ಚೆನ್ನಾಗಿ ಕಾಣಬಹುದು, ಆದರೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಹೋಗಬಹುದು. ಬೈಪ್ಯಾಪ್ ಹಾಗಲ್ಲ. ಉಸಿರು ಎಳೆಯುವಾಗ ಜಾಸ್ತಿ ಒತ್ತಡದಲ್ಲಿ ಗಾಳಿ ತಳ್ಳುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ಸಿಪ್ಯಾಪ್ ಅಂತ ಗೊರಕೆಯವರಿಗೆ ಕೊಡುವ ಮೆಷಿನ್ ಬೇರೆ. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆಳಿಗ್ಗೆ ಏಳುವಾಗಲೇ ತಲೆನೋವು, ಹಗಲಿಡೀ ತೂಕಡಿಕೆ, ಅಂಗಾತ ಮಲಗಲು ಆಗದಿರುವುದು, ಇವೆಲ್ಲ ರಾತ್ರಿ ಉಸಿರು ಸಾಲುತ್ತಿಲ್ಲ ಅನ್ನುವ ಗುರುತು. ಅತ್ತೆಗೆ ಹಾಸಿಗೆಗೆ ಬೆನ್ನು ತಾಗಿದ ಕೂಡಲೇ “ಎನಗೆ ಎಡಿತ್ತಿಲ್ಲೆ, ಕೂರ್ಸು” ಅಂತ ಶುರುವಾಗುತ್ತಿತ್ತು. ಮೆಷಿನ್‌ನಿಂದ ಆಯುಸ್ಸೂ ಸ್ವಲ್ಪ ಹೆಚ್ಚುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 41 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾತು ಮತ್ತು ನುಂಗುವ ಶಕ್ತಿ ತೀರಾ ಕೆಡದವರಲ್ಲಿ ಮೆಷಿನ್ ಹಾಕಿಕೊಂಡವರು ಹಾಕಿಕೊಳ್ಳದವರಿಗಿಂತ ಸುಮಾರು 205 ದಿನ ಜಾಸ್ತಿ ಬದುಕಿದರು. ಗಂಟಲು ಪೂರ್ತಿ ಸೋತವರಲ್ಲಿ ಆಯುಸ್ಸು ಹೆಚ್ಚಲಿಲ್ಲ, ಆದರೂ ಕೆಲವು ತೊಂದರೆ ಕಡಿಮೆಯಾದವು.

ಮೊದಮೊದಲು ಮಾಸ್ಕ್ ಕಂಡರೆ ಯಾರಿಗೂ ಆಗುವುದಿಲ್ಲ. ರಾತ್ರಿ ಸೀದಾ ಕಟ್ಟಿ ಮಲಗಿಸಬೇಡಿ. ಅತ್ತೆಗೆ ಮಧ್ಯಾಹ್ನ ಧಾರಾವಾಹಿ ನೋಡುವಾಗ ಹಾಕಿ ಅಭ್ಯಾಸ ಮಾಡಿಸಿದೆವು. ಗಾಳಿ ಸೋರುತ್ತದೆ ಅಂತ ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯ ಆಗುತ್ತದೆ. ಗಾಯ ಆದ ಮೇಲೆ ಮಾಸ್ಕ್ ಮುಟ್ಟಲೂ ಬಿಡುವುದಿಲ್ಲ. ಚರ್ಮ ಕೆಂಪಾದ ಕೂಡಲೇ ಬೇರೆ ನಮೂನೆಯ ಮಾಸ್ಕ್ ಕೇಳಿ.

ನೋವಿನ ವಿಷಯ. ಈ ಕಾಯಿಲೆ ಸ್ಪರ್ಶದ ನರಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಅದಕ್ಕೇ ನೋವಿಲ್ಲ ಅನ್ನುವ ಮಾತು. ಆದರೆ ಎಲ್ಲವೂ ಗೊತ್ತಾಗುತ್ತದೆ, ಅಲ್ಲಾಡಲು ಆಗುವುದಿಲ್ಲ ಅಷ್ಟೇ. ಕಿವಿ ಮಡಚಿಕೊಂಡು ದಿಂಬಿನಡಿ ಸಿಕ್ಕಿದರೂ ಸರಿಮಾಡಿಕೊಳ್ಳಲು ಕೈ ಬಾರದು. ಹಿಮ್ಮಡಿ ಒಂದೇ ಕಡೆ ಒತ್ತಿಕೊಂಡಿರುತ್ತದೆ. ಹಾಗೆ ಇಡೀ ರಾತ್ರಿ ಇದ್ದು ನೋಡಿ! ಇದರ ಮೇಲೆ ಮೀನಖಂಡ ಹಿಡಿಯುವುದು, ಕೈಕಾಲು ಸೆಟೆಯುವುದು. ಸೆಟೆತಕ್ಕೆ ಬ್ಯಾಕ್ಲೊಫೆನ್‌ನಂಥ ಮಾತ್ರೆ ಇದೆ, ಡಾಕ್ಟರನ್ನು ಕೇಳಿ. ಎಬ್ಬಿಸುವಾಗ ತೋಳು ಹಿಡಿದು ಎಳೆಯಲೇಬೇಡಿ, ಭುಜ ಹಾಳಾಗುತ್ತದೆ. ಸೊಂಟದಡಿ ಅಡ್ಡ ಹಾಸಿದ ಬೆಡ್‌ಶೀಟ್ ಹಿಡಿದು ಹೊರಳಿಸಿ.

ನೀವು ಕುಂಬಳೆಯವರು ಅಂತ ಬರೆದಿದ್ದೀರಿ. ಹಾಗಾದರೆ ಪಂಚಾಯತಿನ ಪಾಲಿಯೇಟಿವ್ (ನೋವು, ಸಂಕಟ ತಗ್ಗಿಸುವ ಆರೈಕೆಯ) ನರ್ಸ್‌ಗೆ ಈಗಲೇ ಹೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಕೇರಳದಲ್ಲಿ 2008ರಿಂದ ಇದಕ್ಕೆ ಸರ್ಕಾರಿ ನೀತಿಯೇ ಇದೆ, ನರ್ಸ್ ಮನೆಗೇ ಬರುತ್ತಾರೆ. ನಾವು ನರ್ಸ್‌ಗೆ ಮಂಗಳೂರಿನ ಡಾಕ್ಟರ ಚೀಟಿಯನ್ನೇ ತೋರಿಸಿದ್ದು. ಪಾಲಿಯೇಟಿವ್ ಅಂದರೆ ಕೊನೆಗಾಲ ಅಂತ ನೆಂಟರು ಹೆದರಿಸುತ್ತಾರೆ, ಕೇಳಿಸಿಕೊಂಡು ಸುಮ್ನೆ ಬಿಟ್ಟುಬಿಡಿ. ಮಾರ್ಫಿನ್ ಹೆಸರಿಗೂ ಹಾಗೇ ಹೆದರುತ್ತಾರೆ. ಡಾಕ್ಟರು ಲೆಕ್ಕ ಹಾಕಿ ಕೊಡುವ ಸಣ್ಣ ಡೋಸ್ ನೋವಿಗೂ ಆಗುತ್ತದೆ, ಏದುಸಿರಿನ ಸಂಕಟಕ್ಕೂ ಆಗುತ್ತದೆ.

ಮಳೆಗಾಲಕ್ಕೆ ಮುಂಚೆ ಇನ್ವರ್ಟರ್ ಹಾಕಿಸಿ. ನಮ್ಮ ಕಡೆ ಒಂದು ಅಡಕೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಅಲ್ವಾ? ಮೆಷಿನ್ ಅದರಲ್ಲಿ ಎಷ್ಟು ಹೊತ್ತು ಓಡುತ್ತದೆ ಅಂತ ಒಂದು ಹಗಲು ನೋಡಿಟ್ಟುಕೊಳ್ಳಿ.