ಸ್ವಿಸ್ ರೈಲು, ಬೆಟ್ಟದ ಟಿಕೆಟ್, ಧಾರವಾಡ ಪೇಡಾ

ಪ್ರಶ್ನೆ: ಮಗಳ ಬೇಸಿಗೆ ರಜೆಯಲ್ಲಿ, ಮೇ ಮಧ್ಯದ ಹೊತ್ತಿಗೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು ಅಂತಿದ್ದೇವೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅಪ್ಪ-ಅಮ್ಮ. ಅಪ್ಪನಿಗೆ ಬಿಪಿ, ಅಮ್ಮನಿಗೆ ಮಂಡಿ ನೋವು. ಟೂರ್ ಬಸ್ ಬೇಡ, ರೈಲಲ್ಲೇ ಸುತ್ತೋಣ ಅನ್ನೋದು ಅಪ್ಪನ ಆಸೆ. ಎಂಟು ದಿನಕ್ಕೆ ಜ್ಯೂರಿಕ್, ಲುಸರ್ನ್, ಇಂಟರ್‌ಲಾಕೆನ್, ಜೆರ್ಮಾಟ್, ಜಿನೀವಾ ಅಂತ ಪಟ್ಟಿ ಮಾಡಿದ್ದೇವೆ. ಯುಂಗ್‌ಫ್ರೌ ಬೆಟ್ಟದ ರೈಲಿನ ಟಿಕೆಟ್ ಈಗಲೇ ತೆಗೆಯೋದು ಒಳ್ಳೆಯದಾ? ಸ್ವಿಸ್ ಪಾಸ್ ಇದ್ದರೆ ಬೆಟ್ಟವೂ ಫ್ರೀನಾ?
– ಓದುಗರು, ಹುಬ್ಬಳ್ಳಿ

ಉತ್ತರ: ಟಿಕೆಟ್ ಈಗಲೇ ತೆಗೆಯಬೇಡಿ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಆ ರೈಲಿನ ಕೊನೆಯ ಸ್ಟೇಷನ್ ಯುಂಗ್‌ಫ್ರೌಯೋಖ್ ಇರೋದು 3,454 ಮೀಟರ್ ಎತ್ತರದಲ್ಲಿ. ಕೆಳಗೆ ಬಿಸಿಲಿದ್ದರೂ ಮೇಲೆ ಮೋಡ ಕವಿದಿರಬಹುದು, ಕೆಳಗೆ ಮೋಡ ಇದ್ದು ಮೇಲೆ ನೀಲಿ ಆಕಾಶ ಇರಲೂಬಹುದು. ಮೋಡದ ದಿನ ಹೋದರೆ ಅಷ್ಟು ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿ ಬಂದ ಹಾಗೆ. ಬೆಟ್ಟದ ಮೇಲಿನ ಕ್ಯಾಮೆರಾ ಚಿತ್ರ ಫೋನಿನಲ್ಲೇ ಸಿಗುತ್ತದೆ, ಹೋಟೆಲ್ ಟೀವಿಯಲ್ಲೂ ಬೆಳಿಗ್ಗೆ ತೋರಿಸುತ್ತಾರೆ. ಹಿಂದಿನ ಸಂಜೆ ಹವಾಮಾನ ನೋಡಿ ಟಿಕೆಟ್, ಸೀಟು ಎರಡನ್ನೂ ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದ ತಕ್ಷಣ ಕ್ಯಾಮೆರಾ ಇನ್ನೊಮ್ಮೆ ನೋಡಿ ಹೊರಡಿ.

ಹೀಗೆ ಮಾಡಬೇಕಾದರೆ ಬೆಟ್ಟದ ಬುಡದಲ್ಲಿ ನಾಲ್ಕು ರಾತ್ರಿಯಾದರೂ ಇರಬೇಕು, ಅಲ್ವಾ? ಅದಕ್ಕೇ ನಿಮ್ಮ ಪಟ್ಟಿಯಿಂದ ಜೆರ್ಮಾಟ್, ಜಿನೀವಾ ತೆಗೆದುಬಿಡಿ ಅನ್ನುತ್ತೇನೆ. ಐದು ಊರು ಅಂದರೆ ಐದು ಸಲ ಸೂಟ್‌ಕೇಸ್ ಕಟ್ಟಬೇಕು, ಐದು ಸಲ ಮೆಟ್ಟಿಲು ಹತ್ತಿ ಇಳಿಯಬೇಕು. ಅಮ್ಮನ ಮಂಡಿಗೆ ಅದು ಬೇಡ. ಲುಸರ್ನ್‌ನಲ್ಲಿ ಮೂರು ರಾತ್ರಿ, ಇಂಟರ್‌ಲಾಕೆನ್ ಅಥವಾ ಪಕ್ಕದ ವಿಲ್ಡರ್ಸ್‌ವಿಲ್‌ನಲ್ಲಿ ನಾಲ್ಕು ರಾತ್ರಿ ಸಾಕು. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ, ಇಳಿದವರೇ ನೇರ ಲುಸರ್ನ್‌ಗೆ ಹೊರಡಬಹುದು. ಲುಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ಬ್ರೂನಿಗ್ ಘಾಟಿ ಹತ್ತಿ ಇಳಿಯುವ ರೈಲು ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ. ದಾರಿಯುದ್ದಕ್ಕೂ ಒಂದಾದ ಮೇಲೊಂದು ಕೆರೆ. ಆ ಎರಡು ಗಂಟೆ ಮಗಳ ಕೈಯಲ್ಲಿ ಫೋನ್ ಕೊಡಬೇಡಿ.

ಇನ್ನು ಪಾಸ್ ವಿಷಯ. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳಿಗೆ ಸಿಗುತ್ತದೆ. ರೈಲು, ಬಸ್ಸು, ಕೆರೆಗಳ ದೋಣಿ, ಊರೊಳಗಿನ ಟ್ರ್ಯಾಮ್ ಎಲ್ಲಕ್ಕೂ ನಡೆಯುತ್ತದೆ. ಬೆಟ್ಟಗಳ ಲೆಕ್ಕ ಬೇರೆ. ರಿಗಿ, ಸ್ಟಾನ್ಸರ್‌ಹಾರ್ನ್ ಪೂರ್ತಿ ಪಾಸಿನಲ್ಲೇ ಆಗುತ್ತವೆ. ಪಿಲಾಟಸ್, ಟಿಟ್ಲಿಸ್‌ಗೆ ಅರ್ಧ ದರ. ಯುಂಗ್‌ಫ್ರೌಯೋಖ್‌ಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್ ತನಕ ಪಾಸ್ ನಡೆಯುತ್ತದೆ, ಅಲ್ಲಿಂದ ಮೇಲಕ್ಕೆ ಬರೀ 25% ರಿಯಾಯಿತಿ. ಇನ್ನೊಂದು ಹಾಫ್ ಫೇರ್ ಕಾರ್ಡ್ ಅಂತ ಇದೆ, ಒಂದು ತಿಂಗಳು ನಡೆಯುತ್ತದೆ. ಅದರಲ್ಲಿ ಯುಂಗ್‌ಫ್ರೌ ಸೇರಿ ಹೆಚ್ಚುಕಡಿಮೆ ಎಲ್ಲಕ್ಕೂ ಅರ್ಧ ದರ. ನೀವು ಎರಡೇ ಊರಲ್ಲಿ ಉಳಿದು ದುಬಾರಿ ಬೆಟ್ಟ ಹತ್ತುವವರಾದರೆ ಇದೇ ಅಗ್ಗ ಆಗಬಹುದು. ನಾಲ್ಕು ಜನ ದೊಡ್ಡವರಿದ್ದೀರಿ, ಹಾಳೆ ತೆಗೆದುಕೊಂಡು ಎರಡನ್ನೂ ಕೂಡಿಸಿ ನೋಡಿ. ಮಗಳಿಗೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಕೇಳಿ ಪಡೆಯಿರಿ, 6ರಿಂದ 15 ವರ್ಷದ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಆದರೆ ಜೊತೆಗೆ ಅಪ್ಪ ಅಥವಾ ಅಮ್ಮ ಇರಲೇಬೇಕು. ಅಜ್ಜ-ಅಜ್ಜಿ ಮಾತ್ರ ಕರೆದುಕೊಂಡು ಹೊರಟರೆ ಈ ಕಾರ್ಡ್ ನಡೆಯುವುದಿಲ್ಲ.

ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಯುಂಗ್‌ಫ್ರೌಯೋಖ್ ಅದಕ್ಕಿಂತ 1,500 ಮೀಟರ್ ಮೇಲಿದೆ. ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಹೋಗಬೇಕು. ಅವರು ಹೂಂ ಅಂದರೆ, ಹೋಗುವಾಗ ಲೌಟರ್‌ಬ್ರುನೆನ್, ವೆಂಗೆನ್, ಕ್ಲೈನ್ ಶೈಡೆಗ್ ಮೂಲಕ ರೈಲಲ್ಲೇ ಹೋಗಿ. ನಿಧಾನ ಆಗುತ್ತದೆ, ಆದರೆ ಮೈ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಸಿಗುತ್ತದೆ. ಬರುವಾಗ ಸುಸ್ತಾಗಿರುತ್ತಾರೆ. ಐಗರ್ ಗ್ಲೆಚರ್‌ನಲ್ಲಿ ಇಳಿದು ಐಗರ್ ಎಕ್ಸ್‌ಪ್ರೆಸ್ ಅನ್ನುವ ಕೇಬಲ್ ಕಾರ್ ಹಿಡಿಯಿರಿ, 15 ನಿಮಿಷಕ್ಕೆ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್ ತಲುಪುತ್ತೀರಿ. ಮೇಲೆ ಅವಸರದಲ್ಲಿ ನಡೆಯಬೇಡಿ, ನೀರು ಕುಡಿಯುತ್ತಿರಿ, ತಲೆ ಸುತ್ತಿದರೆ ಮುಂದಿನ ರೈಲಿಗೇ ಇಳಿದುಬಿಡಿ.

ಈ ಯುಂಗ್‌ಫ್ರೌ ರೈಲು 1912ರದ್ದು. ಕಟ್ಟಲು 16 ವರ್ಷ ಹಿಡಿಯಿತು, ದಾರಿಯ ಬಹುಪಾಲು ಬಂಡೆ ಕೊರೆದ ಸುರಂಗ. ನಡುವೆ ಐಸ್‌ಮೇರ್ ಅನ್ನುವಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ಅಲ್ಲಿ ಬಂಡೆಗೇ ಕಿಟಕಿ ಕೊರೆದಿದ್ದಾರೆ, ಅದರಾಚೆ ಒಡೆದು ಸೀಳಿದ ಹಿಮದ ರಾಶಿ ಕಾಣುತ್ತದೆ. ಎಲ್ಲರೂ ಇಳಿದು ನೋಡಿ.

ಡಾಕ್ಟರು ಬೇಡ ಅಂದರೆ? ಬೇಜಾರು ಮಾಡಿಕೊಳ್ಳಬೇಡಿ. ರಿಗಿ ಇದೆ, 1,798 ಮೀಟರ್, ಮುಳ್ಳಯ್ಯನಗಿರಿಗಿಂತಲೂ ಕಡಿಮೆ. ರೈಲಿನ ಹುಚ್ಚಿರುವ ಹಿರಿಯರಿಗೆ ನನ್ನ ಮೊದಲ ಆಯ್ಕೆ ಅದೇ. ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌ, ಅಲ್ಲಿಂದ ಕೆಂಪು ಹಲ್ಲುಹಳಿ ರೈಲು. 1871ರಲ್ಲಿ ಶುರುವಾದ ಇದು ಯುರೋಪಿನ ಮೊದಲ ಹಲ್ಲುಹಳಿ ಬೆಟ್ಟದ ರೈಲು. ಇಳಿಯುವಾಗ ಆಚೆ ಬದಿಯ ನೀಲಿ ರೈಲಿನಲ್ಲಿ ಆರ್ಥ್-ಗೋಲ್ಡೌಗೆ ಬನ್ನಿ. ಎಲ್ಲವೂ ಪಾಸಿನಲ್ಲೇ. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ, ಗಾಡಿಯ ಕೆಳಗಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಮೆಟ್ಟುಪಾಳ್ಯಂನಿಂದ ಊಟಿಗೆ ರೈಲಲ್ಲಿ ಹೋಗಿದ್ದರೆ ತಂದೆಯವರಿಗೆ ತಕ್ಷಣ ಗುರುತು ಸಿಗುತ್ತದೆ, ಆ ಸಾಲಿನ ಹಳೆಯ ಉಗಿ ಇಂಜಿನ್‌ಗಳು ತಯಾರಾದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲೇ.

ಒಂದು ಎಚ್ಚರಿಕೆ. ಏಪ್ರಿಲ್-ಮೇನಲ್ಲಿ ಕೆಲವು ಕೇಬಲ್ ಕಾರ್‌ಗಳನ್ನು ರಿಪೇರಿಗೆ ನಿಲ್ಲಿಸುತ್ತಾರೆ. ಹೋಗುವ ಬೆಟ್ಟದ ವೆಬ್‌ಸೈಟಲ್ಲಿ ತಾರೀಖು ನೋಡಿಕೊಂಡೇ ಹೋಟೆಲ್ ಬುಕ್ ಮಾಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಊಟ ತುಂಬಾ ದುಬಾರಿಯಂತೆ. ಮನೆಯಿಂದ ಏನೇನು ಒಯ್ಯಬಹುದು? ರೈಸ್ ಕುಕ್ಕರ್ ಒಯ್ಯಲಾ?
– ಓದುಗರು, ಧಾರವಾಡ

ಉತ್ತರ: ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ. ಹಾಲಿನಿಂದ ಮಾಡಿದ್ದು ಬೇಡ. ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡಾ ಎರಡೂ ಮನೆಯಲ್ಲೇ ಇರಲಿ, ಧಾರವಾಡದವರಿಗೆ ಇದನ್ನು ಹೇಳೋಕೆ ಕಷ್ಟವೇ! ಕುಕ್ಕರ್ ಒಯ್ಯುವುದಕ್ಕಿಂತ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಅಕ್ಕಿ, ಮೊಸರು, ತರಕಾರಿ ಕೋಪ್, ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್‌ಗಳ ಒಳಗಿನವು ಸಾಮಾನ್ಯವಾಗಿ ತೆರೆದಿರುತ್ತವೆ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ, ನಲ್ಲಿ ನೀರು ಕುಡಿಯಬಹುದು. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಅಡಾಪ್ಟರ್ ಇಟ್ಟುಕೊಳ್ಳಿ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಸ್ವಿಟ್ಜರ್ಲೆಂಡಿನಲ್ಲಿ ಆರು ರಾತ್ರಿ. ವೀಸಾ ಯಾರ ಹತ್ತಿರ ಕೇಳಬೇಕು?
– ಓದುಗರು, ತುಮಕೂರು

ಉತ್ತರ: ಜಾಸ್ತಿ ದಿನ ಉಳಿಯುವ ದೇಶದ ಹತ್ತಿರ, ಅಂದರೆ ಸ್ವಿಟ್ಜರ್ಲೆಂಡ್. ಒಂದೇ ಷೆಂಗೆನ್ ವೀಸಾ ಎರಡೂ ಕಡೆ ನಡೆಯುತ್ತದೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು.

ಪ್ರಶ್ನೆ: ಸ್ವಿಟ್ಜರ್ಲೆಂಡಿನಿಂದ ಬೆಟ್ಟ ದಾಟಿ ಇಟಲಿಗೆ ಹೋಗುವ ಬರ್ನಿನಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಸೀಟು ಸಿಗಲಿಲ್ಲ. ಮಿಲಾನ್‌ನಿಂದ ವಾಪಸ್ ವಿಮಾನ ಇದೆ. ಆ ದಾರಿ ಬಿಟ್ಟುಬಿಡೋಣವೇ?
– ಓದುಗರು, ಮೈಸೂರು

ಉತ್ತರ: ಬಿಡಬೇಡಿ! ಅದೇ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ಅವಕ್ಕೆ ಸೀಟು ಕಾಯ್ದಿರಿಸುವುದೂ ಬೇಡ, ಹೆಚ್ಚಿನ ದುಡ್ಡೂ ಬೇಡ, ಪಾಸ್ ಇದ್ದರೆ ಹತ್ತಿ ಕೂತುಬಿಡಿ. ನನಗಂತೂ ಅವೇ ಇಷ್ಟ. ಎಕ್ಸ್‌ಪ್ರೆಸ್ಸಿನ ದೊಡ್ಡ ಗಾಜು ತೆರೆಯುವುದಿಲ್ಲ, ಫೋಟೋದಲ್ಲಿ ಒಳಗಿನವರ ಮುಖವೇ ಬೀಳುತ್ತದೆ. ಸಾಮಾನ್ಯ ರೈಲಿನ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು. ಕೂರ್‌ನಿಂದ ಹೊರಟು ಸೇಂಟ್ ಮೋರಿಟ್ಸ್‌ನಲ್ಲಿ ರೈಲು ಬದಲಿಸಿದರೆ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆಯೂ ಸಿಗುತ್ತದೆ, 2,253 ಮೀಟರ್ ಎತ್ತರದ ಓಸ್ಪಿಟ್ಸಿಯೊ ಬರ್ನಿನಾ ಸ್ಟೇಷನ್ನೂ ಸಿಗುತ್ತದೆ. ಇಲ್ಲಿ ಹಲ್ಲುಹಳಿ ಇಲ್ಲ, ಬರೀ ಮಾಮೂಲಿ ಚಕ್ರದಲ್ಲೇ ನೂರಕ್ಕೆ ಏಳರ ಏರು ಹತ್ತುತ್ತದೆ. ಬ್ರೂಸಿಯೊದಲ್ಲಿ ಕಲ್ಲಿನ ಕಮಾನುಗಳ ಮೇಲೆ ಒಂದು ಸುತ್ತು ಹಾಕಿ, ತಾನು ಬಂದ ಹಳಿಯ ಕೆಳಗೇ ನುಸುಳಿ ಇಳಿಯುತ್ತದೆ. ಆಗ ಹಿಂದಿನ ಬೋಗಿಯಲ್ಲಿರಿ, ನಿಮ್ಮದೇ ರೈಲಿನ ಇಂಜಿನ್ ಕಾಣುತ್ತದೆ.

ಕೊನೆಯ ಸ್ಟೇಷನ್ ತಿರಾನೊ ಇಟಲಿಗೆ ಸೇರಿದ್ದು, ಪಾಸ್‌ಪೋರ್ಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಮಿಲಾನ್ ರೈಲು ಹೊರಡೋದು ಪಕ್ಕದ ಇನ್ನೊಂದು ಸ್ಟೇಷನ್‌ನಿಂದ, ಸುಮಾರು ಎರಡೂವರೆ ಗಂಟೆಯ ದಾರಿ. ಆ ರೈಲಿಗೆ ಸ್ವಿಸ್ ಪಾಸ್ ನಡೆಯುವುದಿಲ್ಲ. ಬೇರೆ ಟಿಕೆಟ್ ತೆಗೆದುಕೊಳ್ಳಿ, ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಸ್ಟೇಷನ್‌ನ ಮೆಷಿನ್‌ಗೆ ಹಾಕಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ವಿಮಾನ ಅದೇ ಸಂಜೆಯದ್ದಾದರೆ ಈ ಪ್ರಯಾಣವನ್ನು ಹಿಂದಿನ ದಿನಕ್ಕೇ ಇಟ್ಟುಕೊಂಡು ರಾತ್ರಿ ಮಿಲಾನ್‌ನಲ್ಲಿ ತಂಗಿ.