ಮಗನ ತೊಡೆಮೂಳೆಯಲ್ಲಿ ಸಿಸ್ಟ್: ಆಪರೇಷನ್ ಬೇಕೇ ಬೇಕಾ?

ತುಮಕೂರಿನ ಓದುಗರಿಗೆ ನಮಸ್ಕಾರ.

ನಿಮ್ಮ 9 ವರ್ಷದ ಮಗ ಆಡುವಾಗ ಸುಮ್ನೆ ಎಡವಿ ಬಿದ್ದ. ಅಷ್ಟಕ್ಕೇ ತೊಡೆಮೂಳೆ ಸೊಂಟದ ಕೀಲಿನ ಹತ್ತಿರ ಮುರಿದಿದೆ. ಎಕ್ಸ್‌ರೇ ನೋಡಿದ ಡಾಕ್ಟರು ‘ಬೋನ್ ಸಿಸ್ಟ್’ ಇದ್ದಹಾಗಿದೆ, ಆಪರೇಷನ್ ಮಾಡಬೇಕು ಎಂದಿದ್ದಾರೆ. ಇದು ಕ್ಯಾನ್ಸರಾ, ನಾಟಿ ಕಟ್ಟು ಹಾಕಿಸಿದರೆ ಸಾಲದಾ ಎಂದು ಕೇಳಿದ್ದೀರಿ.

ಬೋನ್ ಸಿಸ್ಟ್ ಕ್ಯಾನ್ಸರ್ ಅಲ್ಲ. ಅದು ಮೂಳೆಯೊಳಗೆ ನೀರು ತುಂಬಿದ ಪೊಳ್ಳು. ಬೆಳೆಯುವ ಮಕ್ಕಳಲ್ಲೇ ಜಾಸ್ತಿ. ಸಾಮಾನ್ಯವಾಗಿ ನೋವಿರುವುದಿಲ್ಲ, ಮುರಿದ ಮೇಲೇ ಗೊತ್ತಾಗುವುದು. ಮೊದಲೇ ಗಮನಿಸಲಿಲ್ಲ ಎಂದು ಕೊರಗಬೇಡಿ. ಆದರೆ ಎಕ್ಸ್‌ರೇಯಲ್ಲಿ ಹೀಗೇ ಕಾಣುವ ಬೇರೆ ಗಡ್ಡೆಗಳೂ ಇವೆ. ಡಾಕ್ಟರಿಗೆ ಅನುಮಾನವಿದ್ದರೆ ಎಂಆರ್‌ಐ ಸ್ಕ್ಯಾನ್, ಬಯಾಪ್ಸಿ (ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸುವುದು) ಮೊದಲು, ಮೂಳೆಗೆ ಸ್ಕ್ರೂ ಹಾಕುವುದು ಆಮೇಲೆ. ಇದನ್ನು ಕೇಳಿಯೇ ಕೇಳಿ.

ಇನ್ನು ಕಟ್ಟಿನ ವಿಷಯ. ತೋಳಿನಲ್ಲಿ ಸಿಸ್ಟ್ ಇದ್ದು ಮುರಿದರೆ ಕೈಗೆ ಜೋಲಿ ಹಾಕಿ ಕಾಯುವುದುಂಟು. ಸೊಂಟದ ಕೀಲು ಹಾಗಲ್ಲ, ಮೈಭಾರವೆಲ್ಲ ಅಲ್ಲೇ ಬೀಳುತ್ತದೆ. ತೊಡೆಮೂಳೆಯ ತಲೆಗೆ, ಅಂದರೆ ಕೀಲಿನೊಳಗೆ ಕೂರುವ ಗುಂಡಗಿನ ತುದಿಗೆ, ರಕ್ತ ಒಯ್ಯುವ ನಾಳಗಳು ಅದರ ಕೆಳಗಿನ ಸಪೂರ ಭಾಗವಾದ ಕುತ್ತಿಗೆಯ ಮೇಲೇ ಹಾದುಹೋಗುತ್ತವೆ. ಮುರಿದ ತುಂಡು ಜರುಗಿದರೆ ರಕ್ತ ನಿಂತು, ಆ ತಲೆಯ ಮೂಳೆ ಸತ್ತು ಕುಸಿಯಬಹುದು. ಎಳೆದು, ತಿಕ್ಕಿ ಕಟ್ಟಿದರೆ ಇನ್ನಷ್ಟು ಜರುಗುವ ಅಪಾಯವಿದೆ. ದಯವಿಟ್ಟು ಬೇಡ. ಮಗನಿಗೆ ಕಾಲೂರಲು ಬಿಡಬೇಡಿ. ತುಂಡು ಜರುಗಿದೆಯಾ ಎಂದು ಇವತ್ತೇ ಡಾಕ್ಟರನ್ನು ಕೇಳಿ. ಹೌದೆಂದರೆ ಒಂದು ದಿನವೂ ಕಾಯಬೇಡಿ.

ಆಪರೇಷನ್ನಿನಲ್ಲಿ ಮೂಳೆಗೆ ಸಣ್ಣ ಕಿಂಡಿ ಮಾಡಿ, ಪೊಳ್ಳಿನ ಒಳಗಿನ ಪೊರೆಯನ್ನು ಕೆರೆದು ತೆಗೆಯುತ್ತಾರೆ. ಅದನ್ನೂ ಬಯಾಪ್ಸಿಗೆ ಕಳಿಸಬೇಕು. ಖಾಲಿಯಾದ ಜಾಗಕ್ಕೆ ಅವನದೇ ಸೊಂಟದ ಮೂಳೆಯಿಂದಲೋ, ಮೊಣಕಾಲಿನ ಕೆಳಗಿನ ಫಿಬುಲಾ ಎಂಬ ಸಪೂರ ಮೂಳೆಯಿಂದಲೋ ಚೂರು ತೆಗೆದು ತುಂಬುತ್ತಾರೆ. ಕೃತಕ ಪುಡಿಯನ್ನೂ ಬಳಸುವುದುಂಟು. ಮುರಿದದ್ದು ಅಲುಗಾಡದಂತೆ ಪ್ಲೇಟು, ಸ್ಕ್ರೂ ಬೇಕು. ಮೂಳೆ ಉದ್ದ ಬೆಳೆಯುವ ಪದರಕ್ಕೆ ಆದಷ್ಟೂ ಸ್ಕ್ರೂ ತಾಗದಂತೆ ನೋಡಿಕೊಳ್ಳುತ್ತಾರೆ. ಕೆಲವು ಮಕ್ಕಳಿಗೆ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರೂ ಬೇಕಾಗುತ್ತದೆ.

ಬಯಾಪ್ಸಿಯಲ್ಲಿ ‘ಫೈಬ್ರಸ್ ಡಿಸ್ಪ್ಲೇಸಿಯಾ’ (ಗಟ್ಟಿ ಮೂಳೆಯ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುವ ಕಾಯಿಲೆ; ಕ್ಯಾನ್ಸರ್ ಅಲ್ಲ) ಎಂದು ಬಂದರೆ ಮಾತ್ರ ಯೋಜನೆ ಬದಲಾಗಬಹುದು. ತುಂಬಿದ ಮೆತ್ತನೆಯ ಮೂಳೆಚೂರನ್ನು ಆ ಕಾಯಿಲೆ ಕರಗಿಸಿಬಿಡುತ್ತದೆ. ಆಗ ಒಳಗಿನ ರಾಡು, ಪ್ಲೇಟುಗಳೇ ಭಾರ ಹೊರಬೇಕು.

ಸಿಸ್ಟ್ ಮತ್ತೆ ಬರುವುದುಂಟು. ಮಗ ಓಡಾಡತೊಡಗಿದ ಮೇಲೂ ಡಾಕ್ಟರು ಹೇಳಿದ ದಿನಕ್ಕೆ ತಪ್ಪದೆ ಎಕ್ಸ್‌ರೇ ಮಾಡಿಸಿ. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ. ಹೊಸದರ ಪಕ್ಕ ಇಟ್ಟು ನೋಡಿದರೇ ಪೊಳ್ಳು ತುಂಬುತ್ತಿದೆಯಾ ಇಲ್ಲವಾ ಎಂದು ಸರಿಯಾಗಿ ತಿಳಿಯುವುದು.

— ಸಂಪಾದಕ