ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಜೋಲಿಯಲ್ಲಿ ಬೆನ್ನಿಗೇಕೆ ಚಳಿ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಕೊಡಗಿನ ಒಂದು ಎಸ್ಟೇಟಿನಲ್ಲಿ ಹ್ಯಾಮಕ್ (ಮರಗಳ ನಡುವೆ ತೂಗುಹಾಕುವ ಬಟ್ಟೆಯ ಜೋಲಿ) ಕಟ್ಟಿ ಮಲಗಿದ್ದೆ. ಸ್ಲೀಪಿಂಗ್ ಬ್ಯಾಗ್ 5 ಡಿಗ್ರಿಗೆ ಸಾಕಾಗುವಂಥದ್ದು. ಆದರೂ ನಡುರಾತ್ರಿ ಬೆನ್ನು, ಸೊಂಟ ಮಂಜುಗಡ್ಡೆ. ಎದೆಯ ಮೇಲೆ ಮಾತ್ರ ಬೆಚ್ಚಗಿತ್ತು. ಬ್ಯಾಗ್ ಕೆಟ್ಟಿದೆಯೇ? — ಮೈಸೂರಿನ ಓದುಗರು

ಬ್ಯಾಗ್ ಸರಿಯಾಗಿಯೇ ಇದೆ. ಮೈಯನ್ನು ಬೆಚ್ಚಗಿಡುವುದು ಬ್ಯಾಗಿನ ಬಟ್ಟೆಯಲ್ಲ, ಅದರೊಳಗಿನ ಕೃತಕ ನಾರು ಅಥವಾ ಗರಿಯ ನಡುವೆ ನಿಂತ ಗಾಳಿ. ನಿಮ್ಮ ಭಾರಕ್ಕೆ ಬೆನ್ನಡಿಯ ಭಾಗ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ. ಉಳಿಯುವುದು ಎರಡು ಪದರ ನೈಲಾನ್, ಅದರಾಚೆ ಹ್ಯಾಮಕ್ಕಿನ ಒಂದು ಪದರ. ನೆಲದ ಮೇಲೆ ಮಲಗಿದರೆ ಅಡಿಯ ಮಣ್ಣು ಸ್ವಲ್ಪ ಹೊತ್ತಿಗಾದರೂ ನಿಮ್ಮ ಬಿಸಿಗೆ ಹದಗೊಳ್ಳುತ್ತದೆ. ಜೋಲಿಯ ಅಡಿ ಗಾಳಿ ಬೀಸುತ್ತಲೇ ಇರುತ್ತದೆ, ಬಿಸಿಯನ್ನು ಒರೆಸಿಕೊಂಡು ಹೋಗುತ್ತಲೇ ಇರುತ್ತದೆ. ಅದಕ್ಕೇ ಸುಮಾರು 20 ಡಿಗ್ರಿಯಲ್ಲೇ ಬೆನ್ನು ದೂರು ಹೇಳಲು ಶುರುಮಾಡುತ್ತದೆ. ಇನ್ನೊಂದು ದಪ್ಪ ಬ್ಯಾಗ್ ಕೊಂಡರೂ ಇದೇ ಕಥೆ. ಬೇಕಾದದ್ದು ಒತ್ತಿದರೂ ಚಪ್ಪಟೆಯಾಗದ ಫೋಮ್.

ಪ್ರಶ್ನೆ: ಯಾವ ಫೋಮ್? ಮನೆಯಲ್ಲಿ ಯೋಗ ಮ್ಯಾಟ್ ಇದೆ. ಹಾಸಿಗೆ ಅಂಗಡಿಯ ಸ್ಪಂಜೂ ಅಗ್ಗಕ್ಕೆ ಸಿಗುತ್ತದೆ. — ದಾವಣಗೆರೆ

ಸ್ಪಂಜು ಬೇಡವೇ ಬೇಡ. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದಿರುತ್ತವೆ; ಒತ್ತಿದರೆ ಗಾಳಿ ಬಿಡುತ್ತದೆ, ಇಬ್ಬನಿ ಬಿದ್ದರೆ ನೀರು ಕುಡಿಯುತ್ತದೆ. ಬೇಕಾದದ್ದು ಮುಚ್ಚಿದ ಗುಳ್ಳೆಗಳ ಫೋಮ್. ಎಕ್ಸ್‌ಎಲ್‌ಪಿಇ, ಅಂದರೆ ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್, ತೂಕಕ್ಕೂ ಬಿಸಿಗೂ ಎಲ್ಲಕ್ಕಿಂತ ಒಳ್ಳೆಯದು. ಎಸಿ ಡಕ್ಟಿಗೆ ಸುತ್ತುವ ಹಾಳೆಯಾಗಿ ಇದು ಇನ್ಸುಲೇಶನ್ ಅಂಗಡಿಗಳಲ್ಲಿ ಸಿಗುತ್ತದೆ. ಕೇಳುವಾಗ ಸಾಂದ್ರತೆ ಕೇಳಿ: ಘನ ಮೀಟರಿಗೆ 30 ಕೆಜಿ ಆಸುಪಾಸಿರಲಿ. ಅದೇ ಅಂಗಡಿಯಲ್ಲಿ ಕಪ್ಪು ನೈಟ್ರೈಲ್ ರಬ್ಬರ್ ಹಾಳೆಯನ್ನೂ ತೋರಿಸುತ್ತಾರೆ. ಅದು ಭಾರ, ವಾಸನೆಯೂ ಜಾಸ್ತಿ. ಟಿವಿ, ಫ್ರಿಜ್ ಪ್ಯಾಕಿಂಗಿನಲ್ಲಿ ಬರುವ ಬಿಳಿ ಇಪಿಇ ಹಾಳೆ ಹಗುರವೇನೋ ಹೌದು, ಆದರೆ ಕೆಲವು ರಾತ್ರಿಗಳಲ್ಲೇ ಸೊಂಟದ ಜಾಗದಲ್ಲಿ ಚಪ್ಪಟೆಯಾಗಿ ಮಡಿಕೆಯಲ್ಲಿ ಸೀಳುತ್ತದೆ.

ಯೋಗ ಮ್ಯಾಟ್ ಪಿವಿಸಿಯದ್ದಾದರೆ ತೂಕವೇ ಒಂದು ಕೆಜಿ ಮುಟ್ಟುತ್ತದೆ. ಇವಿಎ ಎಂಬ ಹಗುರ ಫೋಮಿನ ಮ್ಯಾಟ್ ಅದರ ಅರ್ಧ ತೂಗಬಹುದು. ಜೋಲಿ ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡುವ ಮೊದಲ ಎರಡು ರಾತ್ರಿಗೆ ಅದೇ ಸಾಕು.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ: ಹೆಬ್ಬೆರಳಿನಿಂದ 10 ಸೆಕೆಂಡ್ ಬಲವಾಗಿ ಒತ್ತಿ ಬಿಡಿ. ಗುಳಿ ಒಂದು ನಿಮಿಷದಲ್ಲಿ ಬಹುಪಾಲು ಮೇಲೆದ್ದರೆ ಸರಿ. ಬೆರಳಿನ ಗುರುತು ಹಾಗೇ ಉಳಿದರೆ ನಿಮ್ಮ ಸೊಂಟದ ಗುರುತೂ ಹಾಗೇ ಉಳಿಯುತ್ತದೆ. ಮನೆಗೆ ಒಂದು ಚೂರು ತಂದು, ತೂಗಿ, ಬಕೆಟ್ ನೀರಿನಲ್ಲಿ ನಾಲ್ಕೈದು ಸಲ ಹಿಂಡಿ, ಮೇಲ್ಮೈ ಒರೆಸಿ ಮತ್ತೆ ತೂಗಿ. ತೂಕ ಹೆಚ್ಚೂಕಡಿಮೆ ಅಷ್ಟೇ ಇರಬೇಕು.

ಪ್ರಶ್ನೆ: ಮ್ಯಾಟ್ ಹಾಕಿಯೂ ನೋಡಿದೆ. ರಾತ್ರಿಯೆಲ್ಲ ಜಾರುತ್ತದೆ, ಭುಜಗಳು ತಣ್ಣಗೇ. 10 ಮಿ.ಮೀ. ಬದಲು 15ರದ್ದು ತಗೊಳ್ಳಲೇ? — ಶಿರಸಿ

ದಪ್ಪ ಹೆಚ್ಚಿಸಿದರೆ ಭುಜ ಬೆಚ್ಚಗಾಗುವುದಿಲ್ಲ, ಏಕೆಂದರೆ ಭುಜದ ಹತ್ತಿರ ಫೋಮೇ ಇಲ್ಲ. ಪೇಟೆಯ ಮ್ಯಾಟುಗಳು ಸುಮಾರು 50 ಸೆಂ.ಮೀ. ಅಗಲ. ಅದು ನೆಲಕ್ಕೆ ಸರಿಹೋಗುವ ಅಳತೆ. ಹ್ಯಾಮಕ್ಕಿನ ಬಟ್ಟೆ ಎರಡೂ ಕಡೆಯಿಂದ ಮೇಲೆದ್ದು ತೋಳುಗಳನ್ನು ಅಪ್ಪಿಕೊಳ್ಳುತ್ತದೆ, ಅಪ್ಪಿಕೊಂಡಲ್ಲೆಲ್ಲ ಬ್ಯಾಗಿನ ಗಾಳಿ ಹಿಂಡಿಹೋಗುತ್ತದೆ. ಭುಜದ ಬಳಿ 75–80 ಸೆಂ.ಮೀ. ಅಗಲ ಬೇಕು. ಹಾಗೆಂದು ಉದ್ದಕ್ಕೂ ಅಷ್ಟು ಅಗಲದ ಮ್ಯಾಟ್ ಹಾಕಿದರೆ ಅದು ದೋಣಿಯಂತೆ ಬಾಗದೆ ನಡುವೆ ಮಡಚಿಕೊಂಡು ಬೆನ್ನಿಗೆ ಒತ್ತುತ್ತದೆ.

ಆದ್ದರಿಂದ ತುಂಡು ಮಾಡಿ. 10 ಮಿ.ಮೀ. ದಪ್ಪದ 1 ಮೀಟರ್ ಅಗಲ, 110 ಸೆಂ.ಮೀ. ಉದ್ದದ ಹಾಳೆ, 6 ಮಿ.ಮೀ. ದಪ್ಪದ್ದು 80×35 ಸೆಂ.ಮೀ. ಸಾಕು. 10ರ ಹಾಳೆಯಿಂದ ಬೆನ್ನಿಗೆ 110×50, ಪಾದಕ್ಕೆ 50×35. ಮಿಕ್ಕ 50×75ರ ತುಂಡು ಕೂರಲು ಮಣೆಯಾಗುತ್ತದೆ, ಚಳಿ ಹೆಚ್ಚಿದ ದಿನ ಸೊಂಟದಡಿಗೆ ಎರಡನೇ ಪದರವೂ ಆಗುತ್ತದೆ. 6ರ ತುಂಡು ಭುಜದ ಅಡ್ಡಕ್ಕೆ. ಬೆನ್ನು, ಭುಜ, ಪಾದ ಮೂರೂ ಸೇರಿ ಸುಮಾರು 270 ಗ್ರಾಂ. 180×50ರ ಇಡೀ ಮ್ಯಾಟ್ ಅದೇ ಫೋಮಿನಲ್ಲಿ ಅಷ್ಟೇ ತೂಗುತ್ತದೆ, ಆದರೆ ಭುಜ ಬಯಲಲ್ಲೇ ಇರುತ್ತದೆ.

ಕತ್ತರಿಸಲು ಹೊಸ ಬ್ಲೇಡ್ ಹಾಕಿದ ಕಟರ್ ಮತ್ತು ಉಕ್ಕಿನ ಸ್ಕೇಲ್. ಒಂದೇ ಸಲ ಆಳಕ್ಕೆ ಒತ್ತಬೇಡಿ, ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಇಲ್ಲದಿದ್ದರೆ ಅಂಚು ಹಲ್ಲುಹಲ್ಲಾಗುತ್ತದೆ. ಮೂಲೆಗಳನ್ನು ಲೋಟ ಇಟ್ಟು ದುಂಡಗೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಮಡಚಿಕೊಳ್ಳುವುದು. ಭುಜದ ತುಂಡನ್ನು ಬೆನ್ನಿನ ತುಂಡಿನ ಅಡಿಗೆ ಅಡ್ಡಲಾಗಿ, ಮೇಲಂಚಿನಿಂದ 10 ಸೆಂ.ಮೀ. ಕೆಳಗೆ ಇಡಿ, ರೆಕ್ಕೆಗಳು ಎರಡೂ ಬದಿಗೆ 15 ಸೆಂ.ಮೀ. ಚಾಚಿರಲಿ. ಎರಡನ್ನೂ ಕಟ್ಟಲು ನಾಲ್ಕು ತೂತು, 3 ಮಿ.ಮೀ. ಇಲಾಸ್ಟಿಕ್ ದಾರ. ತೂತು ಅಂಚಿನಿಂದ 2 ಸೆಂ.ಮೀ. ಒಳಗಿರಲಿ. ಮೊದಲು ಎರಡೂ ಮುಖಕ್ಕೆ ಬಟ್ಟೆಯ ಟೇಪ್ ಅಂಟಿಸಿ ಆಮೇಲೆ ತೂತು ಕೊರೆಯಿರಿ, ಬರಿ ಫೋಮಿನಲ್ಲಿ ದಾರ ಬೆಣ್ಣೆಯಲ್ಲಿ ನಡೆದಂತೆ ಸೀಳಿಕೊಂಡು ಬರುತ್ತದೆ. ಅಂಟು ಹಚ್ಚಿ ಕೂರಿಸುವ ಆಸೆ ಬಿಡಿ: ಪಾಲಿಎಥಿಲೀನಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಒಂದು ರಾತ್ರಿ ಬಾಗಿದ ಮೇಲೆ ಸಿಪ್ಪೆಯಂತೆ ಕಿತ್ತುಬರುತ್ತದೆ.

ಜಾರುವುದಕ್ಕೆ ಎರಡು ಮದ್ದು. ಎರಡು ಪದರದ ಹ್ಯಾಮಕ್ ಆದರೆ ಫೋಮನ್ನು ಪದರಗಳ ನಡುವೆ ತೂರಿಸಿ. ಒಂದೇ ಪದರವಾದರೆ ಬೆನ್ನಿನ ತುಂಡನ್ನು ಸ್ಲೀಪಿಂಗ್ ಬ್ಯಾಗಿನ ಒಳಗೇ ಹಾಕಿ, ರೆಕ್ಕೆಯ ತುಂಡು ಮಾತ್ರ ಹೊರಗೆ. ಆಗ ಎರಡನ್ನೂ ಕಟ್ಟಲಾಗದು, ಆದರೆ ನಿಮ್ಮ ಭಾರವೇ ರೆಕ್ಕೆಯ ತುಂಡನ್ನು ಹಿಡಿದಿರುತ್ತದೆ. ಇನ್ನು ಮಲಗುವ ರೀತಿ: ಹಗ್ಗ ಅಡ್ಡಗೆರೆಗೆ ಸುಮಾರು 30 ಡಿಗ್ರಿ ಕೋನದಲ್ಲಿರಲಿ, ಮೈ ಜೋಲಿಗೆ ಓರೆಯಾಗಿರಲಿ. ಫೋಮೂ ಅದೇ ಓರೆಗೆ. ಬಹುಪಾಲು ಜನ ಮೈ ಓರೆ ಮಾಡಿ ಮ್ಯಾಟ್ ನೇರ ಇಟ್ಟು, ಜಾರಿತು ಎನ್ನುತ್ತಾರೆ.

ಪ್ರಶ್ನೆ: ಹೊಳೆಯುವ ಫಾಯಿಲ್ ಇರುವ ಮ್ಯಾಟ್ ಹೆಚ್ಚು ಬೆಚ್ಚಗೇ? — ಹುಬ್ಬಳ್ಳಿ

ಫಾಯಿಲ್ ಬಿಸಿಯನ್ನು ಹಿಂದಿರುಗಿಸಬೇಕಾದರೆ ಅದರೆದುರು ಗಾಳಿಯ ಸಂದು ಬೇಕು. ಬೆನ್ನಿಗೆ ಒತ್ತಿಕೊಂಡ ಫಾಯಿಲ್ ಹೆಚ್ಚಿನದೇನೂ ಮಾಡದು, ಚರಚರ ಸದ್ದು ಮಾತ್ರ ಖಚಿತ. ಡಕ್ಟ್ ಹಾಳೆ ಫಾಯಿಲ್ ಇಲ್ಲದ್ದೇ ಕೇಳಿ.

ಪ್ರಶ್ನೆ: ಬೆಳಿಗ್ಗೆ ಎದ್ದಾಗ ಬೆನ್ನೆಲ್ಲ ಒದ್ದೆ. ಇಬ್ಬನಿಯೇ? — ಚಿಕ್ಕಮಗಳೂರು

ನಿಮ್ಮದೇ ಬೆವರು. ಮುಚ್ಚಿದ ಗುಳ್ಳೆಯ ಫೋಮ್ ಆವಿಯನ್ನೂ ಬಿಡುವುದಿಲ್ಲ. ಮೈಗೂ ಫೋಮಿಗೂ ನಡುವೆ ತೆಳು ಉಣ್ಣೆಯದೋ ಫ್ಲೀಸಿನದೋ ಹೊದಿಕೆ ಹಾಕಿ. ಮಲಗುವಾಗ ಮೈ ತುಸು ತಂಪೇ ಇರಲಿ. ಜಾಕೆಟ್ ಹೇರಿಕೊಂಡು ಬ್ಯಾಗಿಗೆ ಇಳಿದರೆ ನಡುರಾತ್ರಿಗೆ ಬೆವರಿ, ಬೆಳಗಿನ ಜಾವಕ್ಕೆ ನಡುಗುತ್ತೀರಿ. ಫೋಮಿನಿಂದ ಒಂದು ಕೊಸರು ಲಾಭವೂ ಇದೆ: ಮಲೆನಾಡಿನ ಸೊಳ್ಳೆಗಳು ತೆಳು ನೈಲಾನಿನ ಮೂಲಕ ಅಡಿಯಿಂದಲೇ ಚುಚ್ಚುತ್ತವೆ, ಫೋಮ್ ಇದ್ದಲ್ಲಿ ಅವಕ್ಕೆ ಎಟುಕದು.

ಪ್ರಶ್ನೆ: ಹಿಮಾಚಲಕ್ಕೆ ಹೊರಟಿದ್ದೇನೆ. ಮ್ಯಾಟಿನ ಆರ್-ವ್ಯಾಲ್ಯೂ (ಬಿಸಿ ಸೋರದಂತೆ ತಡೆಯುವ ಶಕ್ತಿಯ ಅಳತೆ) ಎಷ್ಟಿರಬೇಕು? ಡಕ್ಟ್ ಹಾಳೆಯ ಮೇಲೆ ಅದು ಬರೆದಿರುವುದಿಲ್ಲ. — ಬೆಂಗಳೂರು

ಲೆಕ್ಕ ಹಾಕಬಹುದು. ಹಾಳೆಯ ವಿವರಪತ್ರದಲ್ಲಿ ಕೆ-ವ್ಯಾಲ್ಯೂ, ಅಂದರೆ ಬಿಸಿಯನ್ನು ಎಷ್ಟು ಸಾಗಿಸುತ್ತದೆ ಎಂಬ ಅಂಕಿ, ಇರುತ್ತದೆ. ದಪ್ಪವನ್ನು ಮೀಟರಿನಲ್ಲಿ ಬರೆದು ಕೆ-ವ್ಯಾಲ್ಯೂನಿಂದ ಭಾಗಿಸಿ, 5.68ರಿಂದ ಗುಣಿಸಿ. 10 ಮಿ.ಮೀ. ಹಾಳೆಗೆ ಕೆ 0.038 ಇದ್ದರೆ ಆರ್ ಸುಮಾರು 1.5. ಥರ್ಮಾರೆಸ್ಟ್ ಝೀಲೈಟ್ ಸೋಲ್‌ನಂಥ ಮಡಚುವ ಮ್ಯಾಟಿಗೆ ಕಂಪನಿ ಕೊಡುವ ಅಂಕಿ 2, ತೂಕ 410 ಗ್ರಾಂ. ಎರಡು ಹಾಳೆ ಒಂದರ ಮೇಲೊಂದು ಹಾಕಿದರೆ ಆರ್ ಕೂಡುತ್ತದೆ. ಕೊಡಗಿನ 12 ಡಿಗ್ರಿಗೆ 1.5 ನಡೆಯುತ್ತದೆ, ಸೊನ್ನೆಯ ಹತ್ತಿರ ಹೋಗುವುದಾದರೆ 3 ಇರಲಿ, ಅಂದರೆ 10ರ ಎರಡು ಪದರ. ಒಂದೇ 20 ಮಿ.ಮೀ. ಹಾಳೆ ಬೇಡ, ಅದು ಜೋಲಿಯಲ್ಲಿ ಬಾಗುವುದಿಲ್ಲ. ಸೊನ್ನೆಗಿಂತ ಕೆಳಗಾದರೆ ಫೋಮಿನ ಜೊತೆ ಸೆಣಸುವ ಬದಲು ಹ್ಯಾಮಕ್ಕಿನ ಹೊರಗೆ ಅಡಿಯಲ್ಲಿ ತೂಗುವ ಅಂಡರ್‌ಕ್ವಿಲ್ಟ್ ತಗೊಳ್ಳಿ. ಅದನ್ನು ಮೈ ಒತ್ತುವುದಿಲ್ಲವಾದ್ದರಿಂದ ಗಾಳಿ ಉಳಿಯುತ್ತದೆ.

ಗಾಳಿ ಬೀಸುವ ಕಡೆಗೆ ಟಾರ್ಪಾಲನ್ನು ನೆಲ ಮುಟ್ಟುವಷ್ಟು ತಗ್ಗಿಸಿ ಕಟ್ಟುವುದನ್ನು ಮರೆಯಬೇಡಿ. ಫೋಮನ್ನು ಬಿಸಿಲಲ್ಲಿ ನಿಂತ ಕಾರಿನ ಹಿಂಗಾಜಿನ ಕೆಳಗೆ ಬಿಡಬೇಡಿ, ಸುರುಟಿಕೊಂಡು ಅಳತೆ ಕಡಿಮೆಯಾಗುತ್ತದೆ.